ಬೀಗದ ಕೈ ಯಾರ ಕೈಯಲ್ಲಿ?

(ಸ್ವಸಹಾಯ ಸಂಘಗಳ ಪ್ರತಿನಿಧಿಗಳಿಗಾಗಿ ನಡೆದ ಒಂದು ದಿನದ ಶಿಬಿರದಲ್ಲಿ ಮಾಡಿದ ಭಾಷಣದ ಬರಹ ರೂಪ)



ನಮ್ಮ ಎಷ್ಟೋ ಸಂಘಗಳಲ್ಲಿ ಒಂದು ಪದ್ಧತಿ ಇದೆ. ಹಣದ ಪೆಟ್ಟಿಗೆ ಒಬ್ಬರ ಮನೆಯಲ್ಲಿರುತ್ತದೆ, ಅದರ ಬೀಗದ ಕೈ ಇನ್ನೊಬ್ಬರ ಹತ್ತಿರ ಇರುತ್ತದೆ. ಯಾರ ಮೇಲೋ ಅನುಮಾನಪಟ್ಟು ಮಾಡಿದ್ದಲ್ಲ ಇದು. ಎಲ್ಲರ ದುಡ್ಡು ಎಂದ ಮೇಲೆ ಎಲ್ಲರಿಗೂ ನೆಮ್ಮದಿ ಇರಲಿ ಎಂದು ಮಾಡಿಕೊಂಡದ್ದು. ಹಣದ ವಿಷಯದಲ್ಲಿ ಇಷ್ಟು ಎಚ್ಚರ ಇರುವ ನಾವು, ಸಂಘವನ್ನು ನಂಬಿ ಹೆಣ್ಣುಮಕ್ಕಳು ಹೇಳಿಕೊಂಡ ಮಾತುಗಳನ್ನು ಎಲ್ಲಿ ಇಟ್ಟಿದ್ದೇವೆ? ಹೊಡೆತದ ಗಾಯದ ಫೋಟೋ, ಆಸ್ಪತ್ರೆಯ ಚೀಟಿ, ವರದಕ್ಷಿಣೆ ಕೊಟ್ಟದ್ದರ ಲೆಕ್ಕ, ಸ್ತ್ರೀಧನದ ಪಟ್ಟಿ, ಓಡಿಬಂದು ತಂಗಿರುವ ಮನೆಯ ವಿಳಾಸ: ಇವೆಲ್ಲ ಈಗ ಕಾಗದದ ಫೈಲಿನಲ್ಲಿ ಮಾತ್ರ ಇಲ್ಲ. ಒಕ್ಕೂಟದ ಕಚೇರಿಯಿಂದ ವಕೀಲರಿಗೆ, ವಕೀಲರಿಂದ ಸಂರಕ್ಷಣಾಧಿಕಾರಿಗೆ, ಅಲ್ಲಿಂದ ಇನ್ನೊಂದು ಊರಿನ ಸಂಘಕ್ಕೆ ಇ-ಮೇಲ್‌ನಲ್ಲಿ ಓಡಾಡುತ್ತಿವೆ. ಆ ಪೆಟ್ಟಿಗೆಗೆ ಬೀಗ ಹಾಕುವುದು ಹೇಗೆ, ಅದರ ಬೀಗದ ಕೈಯನ್ನು ಕಾಯುವುದು ಹೇಗೆ ಎಂಬುದೇ ಇವತ್ತಿನ ನನ್ನ ವಿಷಯ.

ನಾನು ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಕಾಲೇಜಿನಲ್ಲಿ ಗಣಿತ ಪಾಠ ಹೇಳಿದವಳು. ನಿವೃತ್ತಿಯಾದ ಮೇಲೆ ಒಂದು ಮಹಿಳಾ ಸಲಹಾ ಕೇಂದ್ರದಲ್ಲಿ ಪತ್ರವ್ಯವಹಾರ ನೋಡಿಕೊಳ್ಳುತ್ತಿದ್ದೇನೆ. ಕಂಪ್ಯೂಟರ್ ನನಗೆ ಹುಟ್ಟಿನಿಂದ ಬಂದ ವಿದ್ಯೆಯಲ್ಲ. ಅರವತ್ತು ದಾಟಿದ ನಾನು ಕಲಿಯಬಹುದಾದರೆ ನೀವು ಖಂಡಿತ ಕಲಿಯಬಹುದು ಎಂಬ ಧೈರ್ಯದಿಂದಲೇ ಇಲ್ಲಿ ನಿಂತಿದ್ದೇನೆ.

ಮೊದಲು ಅಪಾಯ ಎಲ್ಲಿದೆ ನೋಡೋಣ. ಇ-ಮೇಲ್ ಎಂದರೆ ಮುಚ್ಚಿದ ಲಕೋಟೆ ಎಂದು ನಾವು ತಿಳಿದಿದ್ದೇವೆ. ದಾರಿಯಲ್ಲಿ ಹೋಗುವಾಗ ಈಗ ಅದಕ್ಕೆ ಬಹುಪಾಲು ರಕ್ಷಣೆ ಇರುತ್ತದೆ, ನಿಜ. ಆದರೆ ಕಳಿಸಿದವರ ಖಾತೆಯಲ್ಲಿ ಒಂದು ಪ್ರತಿ, ಪಡೆದವರ ಖಾತೆಯಲ್ಲಿ ಒಂದು ಪ್ರತಿ, ಎರಡೂ ಬಿಚ್ಚಿದ ಪತ್ರಗಳಾಗಿಯೇ ಕೂತಿರುತ್ತವೆ. ಖಾತೆಯ ಪಾಸ್‌ವರ್ಡ್ ಗೊತ್ತಿದ್ದವರು ಯಾರು ಬೇಕಾದರೂ ಓದಬಹುದು. ಹಾಗೆ ಓದುವವನು ಎಲ್ಲೋ ದೂರದ ಕಳ್ಳನೇ ಆಗಿರಬೇಕಿಲ್ಲ. ಕೌಟುಂಬಿಕ ದೌರ್ಜನ್ಯದ ಪ್ರಕರಣಗಳಲ್ಲಿ ಎಷ್ಟೋ ಸಲ ಅವನು ಒಂದೇ ಮನೆಯಲ್ಲಿ ಇರುವವನು.

ನಮ್ಮ ಕೇಂದ್ರಕ್ಕೆ ಬಂದ ಒಬ್ಬ ಹೆಣ್ಣುಮಗಳ ಕಥೆ ಹೇಳುತ್ತೇನೆ. ತವರಿನಿಂದ ಇನ್ನಷ್ಟು ಹಣ ತಾ ಎಂಬ ಕಾಟ ಎರಡು ವರ್ಷದಿಂದ ನಡೆದಿತ್ತು. ಆಕೆಯ ಇ-ಮೇಲ್ ಖಾತೆಯನ್ನು ಮದುವೆಯಾದ ಹೊಸದರಲ್ಲಿ ಗಂಡನೇ ತೆರೆದುಕೊಟ್ಟಿದ್ದ. ಅವನ ಫೋನಿನಲ್ಲೂ ಆ ಖಾತೆ ತೆರೆದೇ ಇತ್ತು. ಆಕೆ ತನ್ನ ಒಡವೆಗಳ ಪಟ್ಟಿ ಬರೆದು, ಯಾವ ಲಾಕರಿನಲ್ಲಿವೆ ಎಂಬುದನ್ನೂ ತಿಳಿಸಿ ವಕೀಲರಿಗೆ ಕಳಿಸಿದಳು. ವಕೀಲರು ಓದುವ ಮೊದಲೇ ಅವನು ಓದಿದ್ದ. ಅರ್ಜಿ ಕೋರ್ಟಿಗೆ ಹೋಗುವ ಹೊತ್ತಿಗೆ ಲಾಕರಿನಲ್ಲಿ ಒಡವೆ ಇರಲಿಲ್ಲ. ಆ ರಾತ್ರಿ ಆಕೆಗೆ ಬಿದ್ದ ಪೆಟ್ಟಿನ ಲೆಕ್ಕ ಬೇರೆ.

ಈ ಕಾರಣಕ್ಕೇ ನಾನು ಗುಪ್ತಲಿಪಿಯ ತಂತ್ರಾಂಶದ ಕಡೆ ನೋಡಿದೆ. ಪತ್ರವನ್ನು ಕಳಿಸುವ ಮೊದಲೇ ಅರ್ಥವಾಗದ ಅಕ್ಷರಗಳ ರಾಶಿಯಾಗಿ ಮಾರ್ಪಡಿಸುವ, ತಲುಪಬೇಕಾದವರ ಬಳಿ ಮಾತ್ರ ಮತ್ತೆ ಓದುವಂತೆ ಮಾಡುವ ತಂತ್ರಾಂಶ ಅದು. 1991ರಲ್ಲಿ ಅಮೆರಿಕದ ಫಿಲ್ ಜಿಮ್ಮರ್‌ಮನ್ ಎಂಬುವರು ಪಿಜಿಪಿ ಎಂಬ ಹೆಸರಿನಲ್ಲಿ ಇದನ್ನು ಜನರ ಕೈಗೆ ಕೊಟ್ಟರು. ಅಲ್ಲಿಯವರೆಗೆ ಇಂಥ ಗಟ್ಟಿ ಗುಪ್ತಲಿಪಿ ಬಹುಮಟ್ಟಿಗೆ ಸರ್ಕಾರಗಳ, ಸೈನ್ಯಗಳ, ದೊಡ್ಡ ಬ್ಯಾಂಕುಗಳ ಸೊತ್ತಾಗಿತ್ತು. ತಂತ್ರಾಂಶ ದೇಶದಾಚೆ ಹೋಯಿತೆಂದು ಅಮೆರಿಕ ಸರ್ಕಾರ ಅವರ ಮೇಲೆ ತನಿಖೆ ನಡೆಸಿತು. 1996ರಲ್ಲಿ ಮೊಕದ್ದಮೆ ಹೂಡದೆ ಅದನ್ನು ಕೈಬಿಟ್ಟಿತು. ಮುಂದೆ ಜರ್ಮನಿಯ ವೆರ್ನರ್ ಕಾಖ್ ಎಂಬುವರು ಅದೇ ಬಗೆಯ, ಯಾರು ಬೇಕಾದರೂ ಉಚಿತವಾಗಿ ಬಳಸಬಹುದಾದ ಜಿಎನ್‌ಯು ಪ್ರೈವೆಸಿ ಗಾರ್ಡ್ ಎಂಬುದನ್ನು ಬರೆದರು. ಅದರ ಮೊದಲ ಪೂರ್ಣ ಆವೃತ್ತಿ 1999ರಲ್ಲಿ ಬಂತು. 2020ರಿಂದ ಥಂಡರ್‌ಬರ್ಡ್ ಎಂಬ ಇ-ಮೇಲ್ ತಂತ್ರಾಂಶದ ಒಳಗೇ ಈ ಸೌಲಭ್ಯ ಸೇರಿದೆ. ಆದ್ದರಿಂದ ನಮ್ಮಂಥವರಿಗೆ ಅದೇ ಸುಲಭ.

ಇವೆಲ್ಲ ಮುಕ್ತ ತಂತ್ರಾಂಶಗಳು. ಹಾಗೆಂದರೇನು? ಸಂಘದ ಲೆಕ್ಕದ ಪುಸ್ತಕವನ್ನು ಯಾವ ಸದಸ್ಯೆ ಬೇಕಾದರೂ ತೆರೆದು ನೋಡಬಹುದಲ್ಲವೇ? ಹಾಗೆಯೇ ಈ ತಂತ್ರಾಂಶ ಹೇಗೆ ಕೆಲಸ ಮಾಡುತ್ತದೆ ಎಂಬ ಬರವಣಿಗೆಯನ್ನು ತಿಳಿದವರು ಯಾರು ಬೇಕಾದರೂ ತೆರೆದು ಪರೀಕ್ಷಿಸಬಹುದು. ಒಳಗೆ ಕಳ್ಳಬಾಗಿಲು ಇಟ್ಟಿದ್ದರೆ ಬಹಳ ದಿನ ಮುಚ್ಚಿಡುವುದು ಕಷ್ಟ. ಕೊಳ್ಳಲು ದುಡ್ಡೂ ಬೇಕಿಲ್ಲ.

ಇನ್ನು ಇದರ ಒಳಗುಟ್ಟು. ಪ್ರತಿಯೊಬ್ಬರಿಗೂ ಎರಡು ಕೀಲಿಗಳಿರುತ್ತವೆ. ಒಂದು ಪಬ್ಲಿಕ್ ಕೀ, ಇನ್ನೊಂದು ಪ್ರೈವೇಟ್ ಕೀ. ನಾನು ಮೊದಲನೆಯದನ್ನು ಬೀಗ ಎಂದೂ ಎರಡನೆಯದನ್ನು ಬೀಗದ ಕೈ ಎಂದೂ ಕರೆಯುತ್ತೇನೆ. ಒತ್ತಿದರೆ ತಾನೇ ಬಿದ್ದುಕೊಳ್ಳುವ ಬೀಗಗಳನ್ನು ನೋಡಿದ್ದೀರಿ. ಅಂಥ ಬೀಗಗಳನ್ನು ನಾನು ಹತ್ತೂರಿಗೆ ಹಂಚಿದ್ದೇನೆ ಎಂದುಕೊಳ್ಳಿ. ನೀವು ಪತ್ರವನ್ನು ಪೆಟ್ಟಿಗೆಯಲ್ಲಿಟ್ಟು ನನ್ನ ಬೀಗ ಒತ್ತಿ ಕಳಿಸುತ್ತೀರಿ. ಒತ್ತಿದ ಮೇಲೆ ನೀವೂ ಅದನ್ನು ತೆರೆಯಲಾರಿರಿ. ಅದನ್ನು ತೆರೆಯುವ ಬೀಗದ ಕೈ ನನ್ನ ಕಂಪ್ಯೂಟರಿನಲ್ಲಿ ಮಾತ್ರ ಇದೆ. ಬೀಗವನ್ನು ಎಷ್ಟು ಜನಕ್ಕಾದರೂ ಕೊಡಬಹುದು, ಬೀಗದ ಕೈಯನ್ನು ಯಾರಿಗೂ ಕೊಡಬಾರದು. ಇಷ್ಟು ನೆನಪಿದ್ದರೆ ಅರ್ಧ ಪಾಠ ಮುಗಿಯಿತು.

ಗಣಿತದವಳಾದ್ದರಿಂದ ಒಂದು ಮಾತು ಹೇಳದೆ ಇರಲಾರೆ. 89ನ್ನು 97ರಿಂದ ಗುಣಿಸಿ ಎಂದರೆ ಕಾಗದದ ಮೇಲೆ ಕ್ಷಣದಲ್ಲಿ 8633 ಎನ್ನುತ್ತೀರಿ. ಆದರೆ 8633 ಯಾವ ಎರಡು ಸಂಖ್ಯೆಗಳ ಗುಣಲಬ್ಧ ಎಂದು ಕೇಳಿದರೆ ಬಹಳ ಹೊತ್ತು ಹುಡುಕಬೇಕು. ಬೀಗ ಒತ್ತುವುದು ಸುಲಭ, ಕೈ ಇಲ್ಲದೆ ತೆರೆಯುವುದು ಕಷ್ಟ ಎಂಬುದರ ಬೇರು ಇಲ್ಲಿದೆ. 1977ರಲ್ಲಿ ರಿವೆಸ್ಟ್, ಶಮೀರ್, ಏಡಲ್‌ಮನ್ ಎಂಬ ಮೂವರು ಕಂಡುಹಿಡಿದ ಆರ್‌ಎಸ್‌ಎ ಎಂಬ ವಿಧಾನ ಇದನ್ನೇ ಆಧರಿಸಿದೆ. 3072 ಬಿಟ್‌ನ ಒಂದು ಆರ್‌ಎಸ್‌ಎ ಕೀಲಿಯಲ್ಲಿರುವ ಸಂಖ್ಯೆಯನ್ನು ಬರೆದರೆ 900ಕ್ಕೂ ಹೆಚ್ಚು ಅಂಕಿಗಳಾಗುತ್ತವೆ. ಅದನ್ನು ಒಡೆಯುವುದು ಇವತ್ತಿನ ಯಾವ ಕಂಪ್ಯೂಟರಿಗೂ ಸಾಧ್ಯವಾಗಿಲ್ಲ.

ಈಗ ಕೆಲಸಕ್ಕೆ ಕೂರೋಣ. ಬರೆದುಕೊಳ್ಳುವವರು ಬರೆದುಕೊಳ್ಳಿ.

ಒಂದು: ಥಂಡರ್‌ಬರ್ಡನ್ನು ಅದರ ಸ್ವಂತ ತಾಣವಾದ ಥಂಡರ್‌ಬರ್ಡ್ ಡಾಟ್ ನೆಟ್‌ನಿಂದಲೇ ಇಳಿಸಿಕೊಳ್ಳಿ. ಪರಿಚಯದವರು ಪೆನ್ ಡ್ರೈವಿನಲ್ಲಿ ತಂದುಕೊಟ್ಟದ್ದನ್ನು ಹಾಕಬೇಡಿ. ಇದು ಒಕ್ಕೂಟದ ಕಂಪ್ಯೂಟರಿನಲ್ಲಿ ಆಗಬೇಕು, ಸೈಬರ್ ಸೆಂಟರಿನಲ್ಲಿ ಬೇಡ.

ಎರಡು: ಸಂಘದ ಇ-ಮೇಲ್ ಖಾತೆಯನ್ನು ಅದಕ್ಕೆ ಜೋಡಿಸಿ. ಪತ್ರವ್ಯವಹಾರಕ್ಕೆ ಕಾರ್ಯದರ್ಶಿಯ ಮಗನ ಖಾತೆಯೋ ಗಂಡನ ಖಾತೆಯೋ ಬಳಕೆಯಲ್ಲಿದ್ದರೆ ಅದನ್ನು ಇವತ್ತೇ ನಿಲ್ಲಿಸಿ, ಸಂಘದ ಹೆಸರಿನಲ್ಲಿ ಹೊಸದು ತೆರೆಯಿರಿ.

ಮೂರು: ಅಕೌಂಟ್ ಸೆಟ್ಟಿಂಗ್ಸ್‌ಗೆ ಹೋಗಿ ಎಂಡ್-ಟು-ಎಂಡ್ ಎನ್‌ಕ್ರಿಪ್ಷನ್ ಎಂಬ ಕಡೆ ಒತ್ತಿ. ಆ್ಯಡ್ ಕೀ ಎಂದಿರುತ್ತದೆ. ಹೊಸ ಓಪನ್ ಪಿಜಿಪಿ ಕೀ ಮಾಡು ಎಂಬುದನ್ನು ಆರಿಸಿ. ಕೆಲವು ಕ್ಷಣಗಳಲ್ಲಿ ಬೀಗವೂ ಬೀಗದ ಕೈಯೂ ಸಿದ್ಧ.

ನಾಲ್ಕು: ಇದನ್ನು ಮರೆಯುವವರೇ ಹೆಚ್ಚು. ಸೆಟ್ಟಿಂಗ್ಸ್‌ನಲ್ಲಿ ಪ್ರೈವೆಸಿ ಆ್ಯಂಡ್ ಸೆಕ್ಯೂರಿಟಿ ಎಂಬ ಕಡೆ ಪ್ರೈಮರಿ ಪಾಸ್‌ವರ್ಡ್ ಎಂಬುದಿದೆ. ಅದನ್ನು ಹಾಕಲೇಬೇಕು. ಹಾಕದಿದ್ದರೆ ಆ ಕಂಪ್ಯೂಟರಿನ ಮುಂದೆ ಕೂತವರೆಲ್ಲ ಪತ್ರ ಓದಬಹುದು. ಬೀಗ ಹಾಕಿ ಕೈಯನ್ನು ಬಾಗಿಲಲ್ಲೇ ಬಿಟ್ಟಂತೆ.

ಐದು: ನಿಮ್ಮ ಬೀಗವನ್ನು, ಅಂದರೆ ಪಬ್ಲಿಕ್ ಕೀಯನ್ನು, ವಕೀಲರಿಗೂ ಇತರ ಸಂಘಗಳಿಗೂ ಪತ್ರದ ಜೊತೆ ಲಗತ್ತಿಸಿ ಕಳಿಸಿ. ಅವರದನ್ನು ತರಿಸಿಕೊಳ್ಳಿ. ಇಬ್ಬರ ಬಳಿಯೂ ಪರಸ್ಪರರ ಬೀಗ ಇದ್ದರೆ ಪತ್ರ ಬರೆಯುವಾಗ ಎನ್‌ಕ್ರಿಪ್ಟ್ ಎಂಬ ಗುಂಡಿ ಒತ್ತಿದರೆ ಸಾಕು. ಮೊದಲ ದಿನ ಯಾವ ಗುಟ್ಟೂ ಇಲ್ಲದ ಪತ್ರ ಬರೆದು ಅಭ್ಯಾಸ ಮಾಡಿ. ಆಮೇಲೆ ನಿಮ್ಮ ಖಾತೆಯನ್ನು ಬ್ರೌಸರಿನಲ್ಲಿ ತೆರೆದು ನೋಡಿ. ಅಲ್ಲಿ ಅರ್ಥವಿಲ್ಲದ ಅಕ್ಷರಗಳಷ್ಟೇ ಕಾಣಬೇಕು. ಪಾಸ್‌ವರ್ಡ್ ಕದ್ದವನಿಗೂ ಅಷ್ಟೇ ಕಾಣುವುದು.

ಬೀಗ ಹಾಕಲು ಒಂದು ಮಧ್ಯಾಹ್ನ ಸಾಕು. ಬೀಗದ ಕೈ ಕಾಯುವುದು ಮಾತ್ರ ವರ್ಷಗಟ್ಟಲೆಯ ಕೆಲಸ. ಆದ್ದರಿಂದ ಅದರ ಬಗ್ಗೆ ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಮೊದಲನೆಯದು ಗುಟ್ಟಿನ ಮಾತು. ಮಗುವಿನ ಹೆಸರು, ಮದುವೆಯ ತಾರೀಕು, ಮನೆದೇವರ ಹೆಸರು ಇವು ಬೇಡ. ಮನೆಯವರು ಮೊದಲು ಊಹಿಸುವುದೇ ಇವನ್ನು. ಒಂದಕ್ಕೊಂದು ಸಂಬಂಧವಿಲ್ಲದ ಐದಾರು ಪದಗಳನ್ನು ಜೋಡಿಸಿ: ಹುಣಸೆ, ರೈಲು, ಮೊರ, ಬುಧವಾರ, ನವಿಲು, ಸುಣ್ಣ ಎಂಬಂತೆ. ಇಲ್ಲಿ ಎಲ್ಲರೆದುರು ಹೇಳಿದ್ದರಿಂದ ಇದನ್ನೇ ಇಟ್ಟುಕೊಳ್ಳಬೇಡಿ.

ಎರಡನೆಯದು ಪ್ರತಿ ಇಡುವುದು. ಬೀಗದ ಕೈ ಕಳೆದರೆ ಹೊಸ ಕೈ ಮಾಡಿಕೊಡುವ ಕಮ್ಮಾರ ಇಲ್ಲಿಲ್ಲ. ಪಾಸ್‌ವರ್ಡ್ ಮರೆತೆ ಎಂದು ಒತ್ತುವ ಗುಂಡಿಯೂ ಇಲ್ಲ. ಕಂಪ್ಯೂಟರ್ ಕೆಟ್ಟರೆ ಹಳೆಯ ಪತ್ರಗಳೆಲ್ಲ ನಿಮಗೂ ಮುಚ್ಚಿದ ಬಾಗಿಲು. ಆದ್ದರಿಂದ ಕೀ ಮ್ಯಾನೇಜರ್‌ನಲ್ಲಿ ಬೀಗದ ಕೈಯ ಪ್ರತಿಯನ್ನು ಫೈಲಾಗಿ ತೆಗೆಯಿರಿ. ಆಗ ಅದು ಆ ಫೈಲಿಗೇ ಒಂದು ಬೇರೆ ಪಾಸ್‌ವರ್ಡ್ ಕೇಳುತ್ತದೆ. ಫೈಲನ್ನು ಪೆನ್ ಡ್ರೈವಿನಲ್ಲಿ ಹಾಕಿ ಅಧ್ಯಕ್ಷೆಯ ಬಳಿ ಇಡಿ. ಪಾಸ್‌ವರ್ಡನ್ನು ಕಾಗದದಲ್ಲಿ ಬರೆದು ಲಕೋಟೆಗೆ ಅಂಟು ಹಾಕಿ ಖಜಾಂಚಿಯ ಬಳಿ ಇಡಿ. ಪೆಟ್ಟಿಗೆ ಒಬ್ಬರಲ್ಲಿ, ಬೀಗದ ಕೈ ಒಬ್ಬರಲ್ಲಿ: ನಮ್ಮ ಸಂಘಗಳ ಹಳೆಯ ಬುದ್ಧಿವಂತಿಕೆ ಇಲ್ಲೂ ನಡೆಯುತ್ತದೆ.

ಮೂರನೆಯದು ಬೀಗದ ಗುರುತು ಹಿಡಿಯುವುದು. ನನ್ನ ಹೆಸರಿನಲ್ಲಿ ಯಾರು ಬೇಕಾದರೂ ಒಂದು ಬೀಗ ಮಾಡಿ ಇದು ಸಲಹಾ ಕೇಂದ್ರದ್ದು ಎಂದು ನಿಮಗೆ ಕಳಿಸಬಹುದು. ನೀವು ಅದನ್ನು ನಂಬಿ ಒತ್ತಿದರೆ ಪತ್ರ ತೆರೆಯುವುದು ಅವನ ಬಳಿ. ಇದನ್ನು ತಡೆಯಲು ಪ್ರತಿ ಕೀಲಿಗೂ ಒಂದು ಫಿಂಗರ್‌ಪ್ರಿಂಟ್ ಇರುತ್ತದೆ. ಈಗ ಸಾಮಾನ್ಯ ಬಳಕೆಯಲ್ಲಿರುವ ಕೀಲಿಗಳಲ್ಲಿ ಅದು 40 ಅಕ್ಷರ ಮತ್ತು ಅಂಕಿಗಳ ಸಾಲು. ಬ್ಯಾಂಕಿನಲ್ಲಿ ಹೆಬ್ಬೆಟ್ಟು ನೋಡುವಂತೆ ಇದನ್ನು ನೋಡಬೇಕು. ಎದುರಾಬದುರು ಸಿಕ್ಕಾಗ, ಇಲ್ಲವೇ ದನಿ ಗುರುತಿಸಬಲ್ಲ ಫೋನ್ ಮಾತಿನಲ್ಲಿ, ಒಬ್ಬರು ಓದಬೇಕು, ಇನ್ನೊಬ್ಬರು ತಮ್ಮ ಪರದೆಯ ಮೇಲೆ ತಾಳೆ ನೋಡಬೇಕು. ಅದೇ ಇ-ಮೇಲ್‌ನಲ್ಲಿ ಕಳಿಸಿದರೆ ತಾಳೆ ನೋಡಿದಂತಾಗುವುದಿಲ್ಲ. ಎಲ್ಲ ಸರಿಯಿದ್ದರೆ ಮಾತ್ರ ಥಂಡರ್‌ಬರ್ಡಿನಲ್ಲಿ ನಾನೇ ಪರೀಕ್ಷಿಸಿದ್ದೇನೆ ಎಂಬುದನ್ನು ಒತ್ತಿ.

ನಾಲ್ಕನೆಯದು ಅವಧಿ. ಕೀಲಿ ಮಾಡುವಾಗಲೇ ಅದು ಎಷ್ಟು ಕಾಲ ನಡೆಯಬೇಕು ಎಂದು ಹೇಳಬಹುದು. ಎರಡು ಮೂರು ವರ್ಷ ಸಾಕು. ಮುಗಿಯುವ ಮೊದಲು ನೀವೇ ಮುಂದಕ್ಕೆ ಹಾಕಿಕೊಳ್ಳಬಹುದು. ಹಾಗೆ ಮಾಡಿದ ಮೇಲೆ ಹೊಸ ಅವಧಿಯ ಬೀಗವನ್ನು ಎಲ್ಲರಿಗೂ ಮತ್ತೊಮ್ಮೆ ಕಳಿಸಬೇಕು. ಸಾಲದ ಕಂತಿನ ತಾರೀಕು ಬರೆಯುವ ಪುಸ್ತಕದಲ್ಲೇ ಇದನ್ನೂ ಬರೆದಿಡಿ.

ಐದನೆಯದು ರದ್ದುಪಡಿಸುವುದು. ಕಂಪ್ಯೂಟರ್ ಕಳುವಾಯಿತು, ಅಥವಾ ಕಚೇರಿಯ ಪುಸ್ತಕ ಬರೆಯುವಾಕೆ ಕೆಲಸ ಬಿಟ್ಟು ಹೋದಳು ಎಂದುಕೊಳ್ಳಿ. ಆಕೆ ಒಳ್ಳೆಯವಳೇ ಇರಬಹುದು. ಆದರೂ ಕೀಲಿಯನ್ನು ರದ್ದುಮಾಡಿ, ಹೊಸದು ಮಾಡಿ, ಎಲ್ಲರಿಗೂ ತಿಳಿಸಬೇಕು. ಹಳೆಯ ಕೈಯನ್ನು ಮಾತ್ರ ಎಸೆಯಬೇಡಿ, ಹಳೆಯ ಪತ್ರ ಓದಲು ಅದೇ ಬೇಕು. ಇನ್ನೊಂದು ಕಹಿ ಸತ್ಯವನ್ನೂ ತಿಳಿದಿರಿ. ಬೀಗದ ಕೈ ಕದ್ದವನ ಬಳಿ ಹಳೆಯ ಪತ್ರಗಳ ಪ್ರತಿಯೂ ಇದ್ದರೆ, ನೀವು ರದ್ದು ಮಾಡಿದರೂ ಅವನು ಅವನ್ನು ತೆರೆಯುತ್ತಾನೆ. ಆದ್ದರಿಂದ ಅಗತ್ಯ ತೀರಿದ ಪತ್ರಗಳನ್ನು ರಾಶಿ ಹಾಕಿಕೊಂಡು ಕೂರಬೇಡಿ.

ಈ ಬೀಗ ಏನನ್ನು ಕಾಯುವುದಿಲ್ಲ ಎಂಬುದನ್ನು ಹೇಳದಿದ್ದರೆ ನಾನು ನಿಮಗೆ ಮೋಸ ಮಾಡಿದಂತಾಗುತ್ತದೆ. ಒಳಗಿನ ಮಾತು ಮುಚ್ಚಿರುತ್ತದೆ. ಯಾರು, ಯಾರಿಗೆ, ಯಾವಾಗ ಬರೆದರು ಎಂಬುದು ಹೊರಗೆ ಕಾಣುತ್ತದೆ. ಪತ್ರದ ವಿಷಯ ಎಂದು ಮೇಲೆ ಬರೆಯುವ ಸಾಲನ್ನು ಥಂಡರ್‌ಬರ್ಡ್ ಮುಚ್ಚುತ್ತದೆ, ಬೇರೆ ಕೆಲವು ತಂತ್ರಾಂಶಗಳು ಮುಚ್ಚುವುದಿಲ್ಲ. ಅಲ್ಲಿ ಹೆಣ್ಣುಮಗಳ ಹೆಸರಾಗಲಿ ವಿಚ್ಛೇದನ ಎಂಬ ಪದವಾಗಲಿ ಎಂದೂ ಬರೆಯಬೇಡಿ. ಕಂಪ್ಯೂಟರಿನಲ್ಲೇ ಯಾರಾದರೂ ಗೂಢಚಾರ ತಂತ್ರಾಂಶ ಹಾಕಿದ್ದರೆ, ನೀವು ಟೈಪು ಮಾಡುವಾಗಲೇ ಅವರು ಓದಿರುತ್ತಾರೆ.

ನಾನು ಹೇಳಿದ ಆ ಹೆಣ್ಣುಮಗಳ ವಿಷಯಕ್ಕೆ ಬರೋಣ. ಅವಳ ಪತ್ರಕ್ಕೆ ಬೀಗ ಇದ್ದಿದ್ದರೆ ಲಾಕರಿನ ಮಾತು ಗಂಡನಿಗೆ ತಿಳಿಯುತ್ತಿರಲಿಲ್ಲ. ಆದರೆ ವಕೀಲರ ವಿಳಾಸ ಕಂಡಿರುತ್ತಿತ್ತು. ಅರ್ಥವಾಗದ ಅಕ್ಷರಗಳನ್ನು ನೋಡಿ, ಇದೇನು ಮುಚ್ಚಿಟ್ಟಿದ್ದೀಯ ಎಂದು ಕೈ ಎತ್ತುತ್ತಿದ್ದ. ಒಂದೇ ಮನೆಯಲ್ಲಿ, ಒಂದೇ ಫೋನಿನ ಮೇಲೆ ಕಣ್ಣಿಟ್ಟಿರುವ ಗಂಡನ ಜೊತೆ ಬದುಕುತ್ತಿರುವವಳಿಗೆ, ಹೋಗಮ್ಮ, ಗುಪ್ತಲಿಪಿ ಹಾಕಿಕೋ ಎಂದು ಹೇಳುವುದು ಅವಳನ್ನು ಇನ್ನಷ್ಟು ಅಪಾಯಕ್ಕೆ ದೂಡಿದಂತೆ. ಅವಳ ಆ ಖಾತೆಗೆ ನಾವು ಏನನ್ನೂ ಕಳಿಸಬಾರದು. ಅವಳನ್ನು ವಾರದ ಸಭೆಯಲ್ಲಿ ಕಂಡು ಮಾತಾಡಬೇಕು. ಬರೆಯಲೇಬೇಕಾದರೆ ಅಕ್ಕನ ಮನೆಯಲ್ಲೋ ನಂಬಿಕೆಯ ಕಚೇರಿಯಲ್ಲೋ ಇರುವ ಕಂಪ್ಯೂಟರಿನಲ್ಲಿ, ಗಂಡ ಅರಿಯದ ಹೊಸ ಖಾತೆಯಿಂದ ಬರೆಯಲಿ. ಕೀಲಿಗಳನ್ನು ಸಾರ್ವಜನಿಕವಾಗಿ ಇಡುವ ಕೀ ಸರ್ವರ್‌ಗಳಿವೆ. ಸಂಘದ ಬೀಗವನ್ನು ಅಲ್ಲಿ ಹಾಕಬಹುದು, ಅವಳದನ್ನು ಹಾಕಬಾರದು.

ಹಾಗಾದರೆ ಈ ಬೀಗ ಯಾರಿಗೆ? ಬೇರೆಯವರ ಗುಟ್ಟು ಇಟ್ಟುಕೊಂಡಿರುವ ನಮಗೆ. ಒಬ್ಬಳ ಫೋನ್ ಸಿಕ್ಕರೆ ಒಬ್ಬಳ ಕಥೆ ಹೊರಬೀಳುತ್ತದೆ. ಒಕ್ಕೂಟದ ಖಾತೆ ಸಿಕ್ಕರೆ ಆ ಸುತ್ತಿನ ಎಲ್ಲ ಹೆಣ್ಣುಮಕ್ಕಳ ಕಥೆ ಬೀದಿಗೆ ಬೀಳುತ್ತದೆ. ಭಾರ ನೊಂದವಳ ತಲೆಯ ಮೇಲೆ ಹಾಕದೆ ನಾವು ಹೊರಬೇಕು. ಸಂಘ, ವಕೀಲರು, ಸಲಹಾ ಕೇಂದ್ರ ಈ ಮೂವರ ನಡುವಿನ ಪತ್ರಗಳಿಗೆ ಮೊದಲು ಬೀಗ ಬೀಳಲಿ.

ಒಬ್ಬ ಗೆಳತಿ ಬೆಳಿಗ್ಗೆ ನನ್ನನ್ನು ಕೇಳಿದರು: ಮನೆಯ ಗುಟ್ಟು ಹೊರಗೆ ಬರಬೇಕು, ವರದಕ್ಷಿಣೆ ಹಿಂಸೆ ನಾಲ್ಕು ಗೋಡೆಯ ಒಳಗಿನ ವಿಷಯವಲ್ಲ ಎಂದು ನಾವೇ ಹೋರಾಡಿದೆವು. ಈಗ ನಾವೇ ಗುಟ್ಟು ಗುಟ್ಟು ಎನ್ನುತ್ತಿದ್ದೇವಲ್ಲ? ಒಳ್ಳೆಯ ಪ್ರಶ್ನೆ. ಮನೆಯ ಗುಟ್ಟು ಎಂಬುದು ಹೊಡೆದವನನ್ನು ಕಾಯುತ್ತಿತ್ತು. ಅವಳ ಗುಟ್ಟು ಅವಳನ್ನು ಕಾಯಬೇಕು. ಯಾವಾಗ, ಯಾರ ಮುಂದೆ, ಎಷ್ಟು ಹೇಳಬೇಕು ಎಂದು ತೀರ್ಮಾನಿಸುವ ಹಕ್ಕು ಅವಳದು. 2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ ಖಾಸಗಿತನ ಪ್ರತಿಯೊಬ್ಬ ವ್ಯಕ್ತಿಯ ಮೂಲಭೂತ ಹಕ್ಕು ಎಂದು ತೀರ್ಪು ಕೊಟ್ಟಿತು. ಆ ಮೊಕದ್ದಮೆಗೆ ಹೆಸರು ಬಂದದ್ದು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರಿಂದ. ಆ ಹಕ್ಕು ಮನೆಗಲ್ಲ, ವ್ಯಕ್ತಿಗೆ. ಹೆಂಡತಿಯೂ ವ್ಯಕ್ತಿಯೇ.

ಕಾನೂನಿನ ಇನ್ನೆರಡು ಮಾತು. ನಮ್ಮ ದೇಶದಲ್ಲಿ ಸಾಮಾನ್ಯ ಜನ ಇಂಥ ತಂತ್ರಾಂಶ ಬಳಸುವುದು ಅಪರಾಧವಲ್ಲ. ಆದರೆ 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆಯ 69ನೇ ಕಲಮಿನಂತೆ ಅಧಿಕಾರವುಳ್ಳ ಸಂಸ್ಥೆ ಕಾನೂನುಬದ್ಧವಾಗಿ ಆದೇಶಿಸಿದರೆ ಪತ್ರ ತೆರೆದುಕೊಡಬೇಕಾಗುತ್ತದೆ. ಸಹಕರಿಸದಿದ್ದರೆ ಏಳು ವರ್ಷದವರೆಗೆ ಶಿಕ್ಷೆ ಇದೆ. ಅಂಥ ಆದೇಶ ಬಂದರೆ ಮೊದಲು ವಕೀಲರನ್ನು ಕಾಣಿ. ಇನ್ನೊಂದು, ಪತ್ರಗಳು ಸಾಕ್ಷ್ಯವಾಗಿ ಬೇಕಾಗಬಹುದು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನಂತೆ ಇಂಥ ದಾಖಲೆಯ ಪ್ರತಿಯ ಜೊತೆ ಪ್ರಮಾಣಪತ್ರ ಕೊಡಬೇಕು. ಆದ್ದರಿಂದ ಮೊಕದ್ದಮೆ ನಡೆಯುತ್ತಿರುವ ಪತ್ರಗಳನ್ನು ಅಳಿಸಬೇಡಿ, ಅವನ್ನು ತೆರೆಯುವ ಕೈಯನ್ನೂ ಕಳೆಯಬೇಡಿ. ಜೀವಕ್ಕೆ ಅಪಾಯ ಎನ್ನುವಾಗ ಕಂಪ್ಯೂಟರಿನ ಮುಂದೆ ಕೂರಬೇಡಿ. 112 ಅಥವಾ ಮಹಿಳಾ ಸಹಾಯವಾಣಿ 181ಕ್ಕೆ ಕರೆ ಮಾಡಿ.

ಮುಂದಿನ ಸಭೆಯ ನಡಾವಳಿ ಪುಸ್ತಕದಲ್ಲಿ ನಾಲ್ಕು ಠರಾವು ಬರೆಯಿರಿ. ಸಂಘದ ಪತ್ರವ್ಯವಹಾರ ಸಂಘದ ಖಾತೆಯಿಂದ ಮಾತ್ರ. ಕೀಲಿ ನೋಡಿಕೊಳ್ಳುವವರು ಯಾರು ಎಂದು ಇಬ್ಬರ ಹೆಸರು. ಪೆನ್ ಡ್ರೈವ್ ಯಾರ ಬಳಿ, ಲಕೋಟೆ ಯಾರ ಬಳಿ. ಅವಧಿ ಮುಗಿಯುವ ತಾರೀಕು. ಕಂಪ್ಯೂಟರ್ ಗೊತ್ತಿರುವ ಹುಡುಗನೊಬ್ಬ ಬಂದು ಎಲ್ಲ ಹಾಕಿಕೊಟ್ಟು ಹೋಗಲಿ ಎಂದು ಬಿಡಬೇಡಿ. ಅವನು ತೋರಿಸಲಿ, ಗುಂಡಿಯನ್ನು ನೀವು ಒತ್ತಿ, ಗುಟ್ಟಿನ ಮಾತು ಟೈಪು ಮಾಡುವಾಗ ಅವನನ್ನು ಹೊರಗೆ ಕಳಿಸಿ. ನಿಮ್ಮಲ್ಲಿ ಇಬ್ಬರು ಕಲಿತರೆ ಅವರು ಪಕ್ಕದೂರಿನ ಇಬ್ಬರಿಗೆ ಕಲಿಸಬಲ್ಲರು. ಈಗ ಊಟದ ನಂತರ ಆ ಕಂಪ್ಯೂಟರಿನ ಮುಂದೆ ಮೊದಲು ಯಾರು ಕೂರುತ್ತೀರಿ, ಹೇಳಿ.